ಕಿರುಸುಳಿಗಳ ಕೈಯಲ್ಲಿ ಪ್ಲವಕಗಳ ಬದುಕು

ಉಪಗ್ರಹದಿಂದ ತೆಗೆದ ಕಡಲಿನ ಬಣ್ಣದ ಚಿತ್ರವೊಂದನ್ನು ದೊಡ್ಡದು ಮಾಡಿ ನೋಡಿ. ಹಸಿರು ಎಲ್ಲೆಡೆ ಒಂದೇ ಸಮನಾಗಿ ಹರಡಿರುವುದಿಲ್ಲ. ಒಂದು ಕಡೆ ದಟ್ಟವಾದ ಎಳೆ, ಅದರ ಪಕ್ಕದಲ್ಲೇ ಖಾಲಿ ನೀಲಿ, ಅದರಾಚೆ ಒಳಕ್ಕೊಳಕ್ಕೆ ಸುತ್ತಿಕೊಂಡು ಹೋದ ಸುರುಳಿ. ಎಷ್ಟೋ ಎಳೆಗಳ ಅಗಲ ಕೆಲವೇ ಕಿಲೋಮೀಟರ್. ಆ ಹಸಿರು ಸಸ್ಯಪ್ಲವಕಗಳದ್ದು, ಅಂದರೆ ನೀರಿನಲ್ಲಿ ತೇಲುತ್ತಾ ಬಿಸಿಲಿನಿಂದ ಆಹಾರ ಮಾಡಿಕೊಳ್ಳುವ ಸೂಕ್ಷ್ಮಜೀವಿಗಳದ್ದು. ಭೂಮಿಯ ಮೇಲೆ ನಡೆಯುವ ದ್ಯುತಿಸಂಶ್ಲೇಷಣೆಯಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಇವುಗಳ ಪಾಲು. ಆದರೆ ತೂಕಕ್ಕೆ ಹಾಕಿದರೆ ಜಗತ್ತಿನ ಹಸಿರು ಜೀವರಾಶಿಯಲ್ಲಿ ಇವು ಶೇಕಡಾ 1ರ ಆಸುಪಾಸು ಮಾತ್ರ. ಇಷ್ಟು ಕಡಿಮೆ ಇದ್ದೂ ಅಷ್ಟು ಕೆಲಸ ಮಾಡಲು ಸಾಧ್ಯವಾಗುವುದು ಇವು ಬೇಗ ಹುಟ್ಟಿ, ಬೇಗ ತಿನ್ನಲ್ಪಟ್ಟು, ಬೇಗ ಮತ್ತೆ ಹುಟ್ಟುವುದರಿಂದ. ಇಡೀ ಕಡಲಿನ ಸಸ್ಯಪ್ಲವಕ ವಾರವೊಂದರ ಆಚೀಚೆ ಹೊಸದಾಗಿಬಿಡುತ್ತದೆ.

ಕಡಲ ಪ್ರವಾಹ ಎಂದ ಕೂಡಲೇ ನಮಗೆ ನೆನಪಾಗುವುದು ಭೂಪಟದ ಮೇಲೆ ದಪ್ಪ ಬಾಣಗಳಾಗಿ ಬರೆದಿರುವ ಗಲ್ಫ್ ಸ್ಟ್ರೀಮ್, ಕುರೊಶಿಯೊದಂಥ ಮಹಾಪ್ರವಾಹಗಳು. ಹವಾಮಾನಕ್ಕೆ ಅವು ಬಹಳ ಮುಖ್ಯ, ನಿಜ. ಆದರೆ ಒಂದು ಪ್ಲವಕ ಇವತ್ತು ಬದುಕುತ್ತದೋ ಸಾಯುತ್ತದೋ, ಉಂಡು ಇಬ್ಭಾಗವಾಗುತ್ತದೋ ಹಸಿದು ಕೆಳಗಿಳಿಯುತ್ತದೋ ಎಂಬುದನ್ನು ಬಹುಮಟ್ಟಿಗೆ ತೀರ್ಮಾನಿಸುವುದು ಆ ಭೂಪಟದಲ್ಲಿ ಚುಕ್ಕೆಯಾಗಿಯೂ ಕಾಣದ ಕಿರುಹರಿವುಗಳು. ಒಂದರಿಂದ ಹತ್ತು ಕಿಲೋಮೀಟರ್ ಅಗಲದ ಸುಳಿಗಳು, ಅವುಗಳ ಅಂಚಿನಲ್ಲಿ ಮೂಡುವ ಗಡಿಗಳು, ಇನ್ನೂ ಕೆಳಗಿಳಿದರೆ ಸೆಂಟಿಮೀಟರ್ ಮತ್ತು ಮಿಲಿಮೀಟರ್ ಲೆಕ್ಕದ ಕಲಕಾಟ.

ಬೆಳಕು ಮೇಲೆ, ಗೊಬ್ಬರ ಕೆಳಗೆ

ಸಸ್ಯಪ್ಲವಕದ ಸಂಕಟವನ್ನು ಒಂದೇ ಸಾಲಿನಲ್ಲಿ ಹೇಳಬಹುದು: ಬೆಳಕು ಇರುವಲ್ಲಿ ಗೊಬ್ಬರವಿಲ್ಲ, ಗೊಬ್ಬರ ಇರುವಲ್ಲಿ ಬೆಳಕಿಲ್ಲ. ತಿಳಿಯಾದ ನೀರಿನಲ್ಲೂ ಸುಮಾರು 100 ಮೀಟರ್ ಆಳಕ್ಕೆ ಹೋಗುವಷ್ಟರಲ್ಲಿ ಬಿಸಿಲು ಮೇಲ್ಮೈಯ ಶೇಕಡಾ ಒಂದರಷ್ಟಕ್ಕೆ ಇಳಿದಿರುತ್ತದೆ. ಮೇಲೆ ಬೆಳೆದ ಪ್ಲವಕಗಳು ಸತ್ತು, ಅಥವಾ ಯಾವುದೋ ಪ್ರಾಣಿಯ ಹೊಟ್ಟೆಗೆ ಸೇರಿ ಹಿಕ್ಕೆಯಾಗಿ, ಕೆಳಗೆ ಇಳಿಯುತ್ತಲೇ ಇರುತ್ತವೆ. ಅವುಗಳ ಮೈಯಲ್ಲಿದ್ದ ಸಾರಜನಕ, ರಂಜಕಗಳನ್ನು ಆಳದ ಬ್ಯಾಕ್ಟೀರಿಯಾಗಳು ಬಿಡಿಸಿ ನೀರಿಗೆ ಸೇರಿಸುತ್ತವೆ. ಹೀಗೆ ಆಳದಲ್ಲಿ ಪೋಷಕಾಂಶ ತುಂಬುತ್ತಾ ಹೋಗುತ್ತದೆ, ಮೇಲೆ ಬರಿದಾಗುತ್ತಾ ಬರುತ್ತದೆ. ಮೇಲಿನ ನೀರು ಬೆಚ್ಚಗೆ, ಹಗುರ. ಕೆಳಗಿನದು ತಣ್ಣಗೆ, ಭಾರ. ಭಾರವಾದದ್ದು ತಾನಾಗಿ ಮೇಲೆ ಬರುವುದಿಲ್ಲ. ಯಾರಾದರೂ ಎತ್ತಬೇಕು.

ಎತ್ತುವವರು ಹಲವರಿದ್ದಾರೆ. ಕೆಲವು ಕರಾವಳಿಗಳಲ್ಲಿ ಗಾಳಿ ಮೇಲಿನ ನೀರನ್ನು ಆಚೆ ತಳ್ಳಿ ಆಳದ ನೀರಿಗೆ ದಾರಿ ಮಾಡುತ್ತದೆ. ತಂಪು ವಲಯಗಳಲ್ಲಿ ಚಳಿಗಾಲದ ಬಿರುಗಾಳಿ ನೂರಾರು ಮೀಟರ್ ಆಳದವರೆಗೆ ನೀರನ್ನು ಕಲಕುತ್ತದೆ. ನಡುಗಡಲಿನಲ್ಲಿ 50ರಿಂದ 200 ಕಿಲೋಮೀಟರ್ ಅಗಲದ ದೊಡ್ಡ ಸುಳಿಗಳು ತಿಂಗಳುಗಟ್ಟಲೆ ಸುತ್ತುತ್ತಾ ನೀರನ್ನು ದಿನಕ್ಕೆ ಕೆಲವು ಮೀಟರ್‌ನಂತೆ ಮೇಲೆ ಕೆಳಗೆ ಆಡಿಸುತ್ತವೆ. ಇವುಗಳಿಗಿಂತ ಚಿಕ್ಕವಾದ, ಒಂದರಿಂದ ಹತ್ತು ಕಿಲೋಮೀಟರ್ ಅಳತೆಯ ಹರಿವುಗಳ ಆಯುಷ್ಯ ಕೆಲವು ಗಂಟೆಗಳಿಂದ ಕೆಲವು ದಿನ ಅಷ್ಟೇ. ಆದರೆ ಅವುಗಳಲ್ಲಿ ನೀರು ದಿನಕ್ಕೆ 100 ಮೀಟರ್‌ವರೆಗೂ ಏರಬಹುದು, ಇಳಿಯಬಹುದು.

ಈ ಅಳತೆಯಲ್ಲೇ ಏಕೆ ಇಷ್ಟೊಂದು ಏರಿಳಿತ? ಭೂಮಿ ತಿರುಗುತ್ತಿರುವುದರಿಂದ ದೊಡ್ಡ ಹರಿವುಗಳ ಮೇಲೆ ಒಂದು ಹಿಡಿತವಿರುತ್ತದೆ. ನೂರಾರು ಕಿಲೋಮೀಟರ್ ಅಗಲದ ಸುಳಿ ಆ ಹಿಡಿತಕ್ಕೆ ಸಿಕ್ಕಿ ಬಹುತೇಕ ಅಡ್ಡಡ್ಡಲಾಗಿಯೇ ಸುತ್ತುತ್ತದೆ, ಮೇಲೆ ಕೆಳಗೆ ಹೋಗುವುದು ಕಡಿಮೆ. ಕೆಲವು ಮೀಟರ್‌ಗಳ ಕಲಕಾಟಕ್ಕೆ ಭೂಮಿ ತಿರುಗುತ್ತಿದೆ ಎಂಬುದರ ಪರಿವೆಯೇ ಇರುವುದಿಲ್ಲ. ಅದು ಅಷ್ಟು ಚಿಕ್ಕದು, ಅಷ್ಟು ಬೇಗ ಮುಗಿದುಹೋಗುತ್ತದೆ. ಇವೆರಡರ ನಡುವೆ ಬರುವ ಕಿರುಸುಳಿಗಳಲ್ಲಿ ನೀರಿನ ಸ್ವಂತ ವೇಗ ಮತ್ತು ಭೂಮಿಯ ಹಿಡಿತ ಸರಿಸಮವಾಗಿ ನಿಲ್ಲುತ್ತವೆ. ಎರಡರಲ್ಲಿ ಯಾವುದೂ ಪೂರ್ತಿ ಗೆಲ್ಲುವುದಿಲ್ಲ. ಸಮತೋಲ ಪದೇಪದೇ ತಪ್ಪುತ್ತದೆ, ತಪ್ಪಿದಾಗಲೆಲ್ಲ ಅದನ್ನು ಸರಿಪಡಿಸಲು ನೀರು ಲಂಬವಾಗಿ ಚಲಿಸಬೇಕಾಗುತ್ತದೆ.

ನನ್ನ ಮಟ್ಟಿಗೆ ಇಡೀ ವಿಷಯದ ತಿರುಳು ಇರುವುದು ಮುಂದಿನ ಮಾತಿನಲ್ಲಿ. ಸಸ್ಯಪ್ಲವಕದ ಒಂದು ಕೋಶ ಎರಡಾಗಲು ಹಿಡಿಯುವ ಹೊತ್ತು ಹೆಚ್ಚುಕಡಿಮೆ ಒಂದು ದಿನ. ಸಾಗರವನ್ನು ಒಂದು ಸುತ್ತು ಹಾಕಲು ವರ್ಷಗಳನ್ನೇ ತೆಗೆದುಕೊಳ್ಳುವ ಮಹಾಪ್ರವಾಹ ಈ ಕೋಶಕ್ಕೆ ನಿಂತ ನೀರಿದ್ದ ಹಾಗೆ, ಅದು ಒಂದು ಸುತ್ತು ಮುಗಿಸುವಷ್ಟರಲ್ಲಿ ನೂರಾರು ತಲೆಮಾರು ಕಳೆದಿರುತ್ತವೆ. ಮೇಲ್ಮೈಯ ತೆರೆಗಳು ಸೆಕೆಂಡುಗಳ ಆಟ, ಕೋಶ ಅದರ ಜೊತೆ ಎದ್ದು ಬಿದ್ದು ಇದ್ದಲ್ಲೇ ಇರುತ್ತದೆ. ಕಿರುಸುಳಿಯ ಆಯುಷ್ಯ ಮಾತ್ರ ಕೋಶದ ಆಯುಷ್ಯಕ್ಕೆ ಸರಿಯಾಗಿ ಕೂಡುತ್ತದೆ. ಅದು ಗೊಬ್ಬರವನ್ನು ಮೇಲೆ ತಂದು ಒಂದೆರಡು ದಿನ ಬೆಳಕಿನಲ್ಲಿ ಇಟ್ಟರೆ ಅಷ್ಟರಲ್ಲಿ ಕೋಶ ಅದನ್ನು ಹೀರಿ ಎರಡಾಗಿ, ನಾಲ್ಕಾಗಿರುತ್ತದೆ. ಕಿರುಹರಿವುಗಳು ಪ್ಲವಕಕ್ಕೆ ಇಷ್ಟು ಮುಖ್ಯವಾಗಿರುವುದು ಅವುಗಳ ಬಲದಿಂದ ಅಲ್ಲ, ಆಯುಷ್ಯಗಳ ಈ ಹೊಂದಾಣಿಕೆಯಿಂದ.

ಎರಡು ನೀರು ಸೇರುವ ಗೆರೆ

ಕಡಲಿನಲ್ಲಿ ಹಗುರ ನೀರು ಮತ್ತು ಭಾರ ನೀರು ಒಂದರ ಪಕ್ಕ ಒಂದು ನಿಲ್ಲುವ ಜಾಗಗಳುಂಟು. ಹಡಗಿನಿಂದ ನೋಡಿದರೆ ಅಲ್ಲಿ ನೊರೆಯ ಒಂದು ಸಾಲು, ಕಡಲಕಳೆ, ತೇಲುವ ಕಸ ಕಾಣಬಹುದು. ಗೆರೆ ದಾಟಿದೊಡನೆ ನೀರಿನ ಉಷ್ಣತೆ, ಉಪ್ಪಿನಂಶ, ಕೆಲವೊಮ್ಮೆ ಬಣ್ಣವೂ ಬದಲಾಗುತ್ತದೆ. ಬರೀ ಗುರುತ್ವವೊಂದೇ ಇದ್ದಿದ್ದರೆ ಭಾರ ನೀರು ಹಗುರ ನೀರಿನ ಅಡಿಗೆ ಜಾರಿ ಕೆಲಸ ಮುಗಿಯುತ್ತಿತ್ತು. ಭೂಮಿಯ ತಿರುಗುವಿಕೆ ಅದಕ್ಕೆ ಬಿಡುವುದಿಲ್ಲ, ನೀರನ್ನು ಗಡಿಯ ಉದ್ದಕ್ಕೂ ಓಡುವಂತೆ ತಿರುಗಿಸುತ್ತದೆ. ಈಗ ಸುತ್ತಲಿನ ದೊಡ್ಡ ಸುಳಿಗಳು ಈ ಗಡಿಯನ್ನು ಎರಡೂ ಕಡೆಯಿಂದ ಹಿಂಡಿದವು ಅನ್ನಿ. ಗಡಿ ಚೂಪಾಗುತ್ತದೆ, ಸಮತೋಲ ಕೆಡುತ್ತದೆ. ಹಗುರ ನೀರಿನ ಬದಿಯಲ್ಲಿ ನೀರು ಮೇಲೇರುತ್ತದೆ, ಭಾರ ನೀರಿನ ಬದಿಯಲ್ಲಿ ಕೆಳಗಿಳಿಯುತ್ತದೆ. ಕೆಲವೇ ಕಿಲೋಮೀಟರ್ ಅಂತರದಲ್ಲಿ ಒಂದೆಡೆ ಗೊಬ್ಬರ ಮೇಲೆ ಬರುತ್ತಿದ್ದರೆ ಇನ್ನೊಂದೆಡೆ ಬೆಳೆದ ಪ್ಲವಕ ಆಳಕ್ಕೆ ಹೋಗುತ್ತಿರುತ್ತದೆ.

ಈ ಗೆರೆಗಳಿಗೆ ಎಷ್ಟು ಸೆಳೆತ ಇದೆ ಎಂಬುದನ್ನು ಮೆಕ್ಸಿಕೊ ಕೊಲ್ಲಿಯಲ್ಲಿ 2016ರಲ್ಲಿ ನಡೆದ ಒಂದು ಪ್ರಯೋಗ ತೋರಿಸಿತು. ತೇಲುವ ಪುಟ್ಟ ಸಾಧನಗಳನ್ನು ನೀರಿಗೆ ಬಿಟ್ಟು ಅವು ಹೋದ ದಾರಿಯನ್ನು ಹಿಂಬಾಲಿಸಲಾಯಿತು. ಸುಮಾರು 20 ಕಿಲೋಮೀಟರ್ ಉದ್ದ, 20 ಕಿಲೋಮೀಟರ್ ಅಗಲದ ಜಾಗದಲ್ಲಿ ಹರಡಿದ್ದ ಇನ್ನೂರರಷ್ಟು ಸಾಧನಗಳಲ್ಲಿ ಅರ್ಧಕ್ಕಿಂತ ಹೆಚ್ಚು ಒಂದು ವಾರದೊಳಗೆ 60 ಮೀಟರ್ ಉದ್ದಗಲದ ಒಂದು ಚೂರು ಜಾಗಕ್ಕೆ ಬಂದು ಸೇರಿಕೊಂಡವು. ಕಡಲು ಎಲ್ಲವನ್ನೂ ಚದುರಿಸುತ್ತದೆ ಎಂದುಕೊಂಡವರಿಗೆ ಇದು ದೊಡ್ಡ ಅಚ್ಚರಿ. ಮೇಲ್ಮೈಯಲ್ಲಿ ತೇಲುವಂಥದ್ದೆಲ್ಲವನ್ನೂ, ಅದು ಎಣ್ಣೆಯಾಗಲಿ, ಪ್ಲಾಸ್ಟಿಕ್ ಆಗಲಿ, ಮೀನಿನ ಮೊಟ್ಟೆಯಾಗಲಿ, ಕಿರುಸುಳಿಗಳು ಹೀಗೆ ಒಂದೆಡೆ ಗುಡ್ಡೆ ಹಾಕಬಲ್ಲವು. ಹಸಿದ ಬಾಯಿಗಳು ಅಲ್ಲಿಗೆ ಬಂದೇ ಬರುತ್ತವೆ. ಆಫ್ರಿಕಾ ಮತ್ತು ಮಡಗಾಸ್ಕರ್ ನಡುವಿನ ಕಡಲಾದ ಮೊಜಾಂಬಿಕ್ ಕಾಲುವೆಯ ಮೇಲೆ ಹಾರುವ ಫ್ರಿಗೇಟ್ ಹಕ್ಕಿಗಳ ಮೈಗೆ ಟ್ರಾನ್ಸ್‌ಮಿಟರ್ ಕಟ್ಟಿ ನೋಡಿದಾಗ, ಅವು ನೀರಿನ ಹರಿವು ಹೆಣೆದ ಇಂಥ ಅದೃಶ್ಯ ಗೆರೆಗಳ ಗುಂಟವೇ ಬೇಟೆಯಾಡುತ್ತಿದ್ದುದು ಕಂಡುಬಂತು. ಆ ಅಧ್ಯಯನ ಪ್ರಕಟವಾದದ್ದು 2009ರಲ್ಲಿ.

ಸುಳಿಗಳು ಎಷ್ಟು ಸಾಮಾನ್ಯ ಎಂಬುದು ಗೊತ್ತಾಗಿದ್ದು ಬಾಹ್ಯಾಕಾಶದಿಂದ. 1984ರ ಅಕ್ಟೋಬರ್‌ನಲ್ಲಿ ಚಾಲೆಂಜರ್ ನೌಕೆಯಲ್ಲಿ ಹೋದ ಸಾಗರವಿಜ್ಞಾನಿ ಪಾಲ್ ಸ್ಕಲ್ಲಿ-ಪವರ್, ಬಿಸಿಲು ನೀರಿನ ಮೇಲೆ ಪ್ರತಿಫಲಿಸುವ ಕೋನದಲ್ಲಿ ಕಡಲನ್ನು ನೋಡಿದಾಗ ಸುರುಳಿಗಳ ಸಾಲು ಸಾಲೇ ಕಂಡವು. ಒಂದೊಂದು ಹತ್ತರಿಂದ ಇಪ್ಪತ್ತೈದು ಕಿಲೋಮೀಟರ್ ಅಗಲ. ಅವುಗಳ ಬಗ್ಗೆ ವಾಲ್ಟರ್ ಮಂಕ್ ಮತ್ತು ಸಂಗಡಿಗರು 2000ದಲ್ಲಿ ವಿವರವಾಗಿ ಬರೆದರು. ಹೆಚ್ಚುಕಡಿಮೆ ಎಲ್ಲ ಸುರುಳಿಗಳೂ ಚಂಡಮಾರುತ ಸುತ್ತುವ ದಿಕ್ಕಿಗೇ ಸುತ್ತುತ್ತಿದ್ದವು. ಅವು ಕಣ್ಣಿಗೆ ಕಂಡದ್ದೇ ಒಂದು ಸೊಗಸಾದ ಕಾರಣಕ್ಕೆ. ನೀರಿನ ಮೇಲೆ ತೇಲುವ ಜಿಡ್ಡಿನಂಥ ತೆಳುಪೊರೆ ಈ ಗೆರೆಗಳಲ್ಲಿ ಒಟ್ಟುಗೂಡುತ್ತದೆ, ಅದು ಇರುವಲ್ಲಿ ಸಣ್ಣ ಅಲೆಗಳು ಅಡಗಿ ನೀರು ನುಣುಪಾಗಿ ಹೊಳೆಯುತ್ತದೆ. ಆ ಜಿಡ್ಡು ಬಹುಪಾಲು ಬರುವುದು ಪ್ಲವಕಗಳಿಂದಲೇ.

ವಸಂತದ ಹಸಿರು ಮೊದಲೇ ಮೂಡಿದಾಗ

ಉತ್ತರ ಅಟ್ಲಾಂಟಿಕ್‌ನಲ್ಲಿ ಪ್ರತಿ ವಸಂತದಲ್ಲೂ ಸಸ್ಯಪ್ಲವಕ ಸ್ಫೋಟದಂತೆ ಬೆಳೆಯುತ್ತದೆ. ಇದಕ್ಕೆ 1953ರಲ್ಲಿ ಹೆರಾಲ್ಡ್ ಸ್ವೆರ್ಡ್ರಪ್ ಕೊಟ್ಟ ವಿವರಣೆ ಬಹುಕಾಲ ನಿಂತಿತು. ಚಳಿಗಾಲದಲ್ಲಿ ನೀರು ಬಹಳ ಆಳದವರೆಗೆ ಕಲಕುತ್ತಿರುವುದರಿಂದ ಕೋಶಗಳು ಹೆಚ್ಚು ಹೊತ್ತನ್ನು ಕತ್ತಲಲ್ಲೇ ಕಳೆಯುತ್ತವೆ. ವಸಂತದ ಬಿಸಿಲು ಮೇಲಿನ ನೀರನ್ನು ಕಾಯಿಸಿ ಹಗುರ ಮಾಡಿದಾಗ ಒಂದು ತೆಳು ಪದರ ಬೇರೆಯಾಗುತ್ತದೆ, ಕೋಶಗಳು ಅದರಲ್ಲಿ ಉಳಿದು ಬೆಳಕಿನಲ್ಲಿ ಬೆಳೆಯುತ್ತವೆ. ವಿವರಣೆಯಲ್ಲಿ ತಪ್ಪೇನಿಲ್ಲ. ಆದರೆ ಅದರಲ್ಲಿ ಕಡಲಿಗೆ ಮೇಲೆ ಕೆಳಗೆ ಮಾತ್ರ ಇದೆ, ಅಕ್ಕಪಕ್ಕ ಇಲ್ಲ.

2008ರಲ್ಲಿ ಐಸ್‌ಲ್ಯಾಂಡಿನ ದಕ್ಷಿಣಕ್ಕೆ ತೇಲುಯಂತ್ರಗಳು, ನೀರೊಳಗೆ ತಾನೇ ಸಾಗುವ ಗ್ಲೈಡರ್‌ಗಳು ಮತ್ತು ಹಡಗುಗಳನ್ನು ಒಟ್ಟಿಗೆ ಬಳಸಿ ವಸಂತದ ಹಸಿರು ಮೂಡುವುದನ್ನು ಕಾದು ನೋಡಲಾಯಿತು. ಅಮಲಾ ಮಹಾದೇವನ್, ಎರಿಕ್ ಡಸಾರೊ, ಕ್ರೇಗ್ ಲೀ ಮತ್ತು ಮೇರಿ ಜೇನ್ ಪೆರಿ 2012ರಲ್ಲಿ ಪ್ರಕಟಿಸಿದ ಫಲಿತಾಂಶ ಹೀಗಿತ್ತು: ಹಸಿರು ಮೂಡಿದ್ದು ಬಿಸಿಲು ಪದರ ಕಟ್ಟುವುದಕ್ಕಿಂತ 20ರಿಂದ 30 ದಿನ ಮೊದಲು. ಉತ್ತರದ ನೀರು ತಣ್ಣಗೆ, ಭಾರ. ದಕ್ಷಿಣದ್ದು ಅದಕ್ಕಿಂತ ಹಗುರ. ಕಿರುಸುಳಿಗಳು ಈ ಹಗುರ ನೀರನ್ನು ನಾಲಗೆ ನಾಲಗೆಯಾಗಿ ಭಾರ ನೀರಿನ ಮೇಲೆ ಜಾರಿಸಿದವು. ಬಿಸಿಲು ಕಾಯಿಸುವ ಮುಂಚೆಯೇ ಪದರ ತಯಾರು. ಅದಕ್ಕೇ ಹಸಿರು ಇಡೀ ಕಡಲಿಗೆ ಒಮ್ಮೆಲೇ ಬರದೆ ತೇಪೆ ತೇಪೆಯಾಗಿ ಶುರುವಾಯಿತು. ಮೀನಿನ ಮರಿಗಳು ಮೊಟ್ಟೆಯೊಡೆದು ಬರುವ ಸಮಯ ಇಂಥ ಹಸಿರಿನ ಸಮಯಕ್ಕೆ ಕೂಡಿ ಬರಬೇಕಾಗಿರುವಾಗ ಮೂರು ವಾರ ಹಿಂದುಮುಂದಾಗುವುದು ಸಣ್ಣ ಮಾತಲ್ಲ.

ಇಷ್ಟು ಓದಿ ಕಿರುಸುಳಿ ಎಂದರೆ ಎಲ್ಲೆಲ್ಲೂ ವರವೇ ಎಂದುಕೊಳ್ಳಬಾರದು. ಅವುಗಳ ಏರಿಳಿತ ಬಹಳಷ್ಟು ಸಲ ಮೇಲಿನ ಕಲಕಿದ ಪದರದೊಳಗೇ ನಡೆಯುತ್ತದೆ. ಗೊಬ್ಬರವಿರುವ ಆಳ ಅದಕ್ಕಿಂತ ಕೆಳಗಿದ್ದರೆ ಎಷ್ಟು ಸುತ್ತಿದರೂ ಕೈಗೆ ಏನೂ ಹತ್ತುವುದಿಲ್ಲ. ಮೇಲೆ ತಂದ ನೀರನ್ನು ಕೋಶಗಳು ಹೀರುವ ಮೊದಲೇ ವಾಪಸ್ ಕೆಳಗೆ ಎಳೆದುಕೊಂಡು ಹೋಗುವುದೂ ಉಂಟು. ಗೊಬ್ಬರ ಮೊದಲೇ ಹೇರಳವಾಗಿರುವ ಕ್ಯಾಲಿಫೋರ್ನಿಯಾ ಮತ್ತು ವಾಯವ್ಯ ಆಫ್ರಿಕಾದ ಕರಾವಳಿಗಳಲ್ಲಿ ಸುಳಿಗಳು ಬೆಳೆಯನ್ನು ಹೆಚ್ಚಿಸುವ ಬದಲು ತಗ್ಗಿಸುತ್ತವೆ, ದಡದ ಫಲವತ್ತಾದ ನೀರನ್ನು ಆಳಕ್ಕೂ ನಡುಗಡಲಿಗೂ ಸಾಗಿಸಿಬಿಡುತ್ತವೆ ಎಂದು 2011ರ ಒಂದು ಅಧ್ಯಯನ ತೋರಿಸಿತು.

ಇನ್ನೊಂದು ಹಳೆಯ ಒಗಟಿಗೂ ಈ ಸುಳಿಗಳು ಸ್ವಲ್ಪ ಬೆಳಕು ಚೆಲ್ಲುತ್ತವೆ. ಕೆಲವೇ ಪೋಷಕಾಂಶಗಳಿಗಾಗಿ ಪೈಪೋಟಿ ನಡೆಸುವ ಅಷ್ಟೊಂದು ಬಗೆಯ ಸಸ್ಯಪ್ಲವಕಗಳು ಒಂದೇ ನೀರಿನಲ್ಲಿ ಹೇಗೆ ಬದುಕಿವೆ, ಒಂದೇ ಬಲವಾದ ಜಾತಿ ಮಿಕ್ಕವನ್ನೆಲ್ಲ ಏಕೆ ಓಡಿಸಲಿಲ್ಲ ಎಂದು ಜಿ. ಇ. ಹಚಿನ್ಸನ್ 1961ರಲ್ಲಿ ಕೇಳಿದ್ದರು. ಉತ್ತರಗಳು ಹಲವು. ಅವುಗಳಲ್ಲಿ ಒಂದು, ಆ ನೀರು ನಾವು ಅಂದುಕೊಂಡಂತೆ ‘ಒಂದೇ’ ಅಲ್ಲ ಎಂಬುದು. ಹರಿವು ಹೊಲಗಳಿಗೆ ಬದು ಹಾಕಿದಂತೆ ಕಡಲನ್ನು ತುಂಡು ತುಂಡಾಗಿ ಬೇರೆ ಮಾಡುತ್ತದೆ. ದಕ್ಷಿಣ ಅಮೆರಿಕದ ಪೂರ್ವ ಕರಾವಳಿಯಾಚೆ ಬ್ರೆಜಿಲ್ ಮತ್ತು ಮಾಲ್ವಿನಾಸ್ ಪ್ರವಾಹಗಳು ಸೇರುವಲ್ಲಿ ಉಪಗ್ರಹದ ಕಣ್ಣಿಗೆ ಒಂದು ತುಂಡಿನಲ್ಲಿ ಸಿಲಿಕಾದ ಚಿಪ್ಪಿರುವ ಸಸ್ಯಪ್ಲವಕಗಳಾದ ಡಯಾಟಮ್‌ಗಳ ಮೇಲುಗೈ, ಪಕ್ಕದ್ದರಲ್ಲಿ ಬೇರೆ ಗುಂಪಿನದು ಕಾಣುತ್ತದೆ. ಸುಳಿ ಚದುರುವ ಮುಂಚೆ ಪ್ರತಿಯೊಂದು ಗುಂಪಿಗೂ ಸ್ವಲ್ಪ ಕಾಲ ತನ್ನದೇ ಆದ ನೆಲೆ ಸಿಕ್ಕಿರುತ್ತದೆ.

ಮಿಲಿಮೀಟರ್‌ನ ಲೋಕ

ದೊಡ್ಡ ಸುಳಿ ಒಡೆದು ಚಿಕ್ಕ ಸುಳಿ, ಅದು ಒಡೆದು ಇನ್ನೂ ಚಿಕ್ಕದು. ಎಲ್ಲಿಯವರೆಗೆ? ಆಂದ್ರೇ ಕೊಲ್ಮೊಗೊರೊವ್ 1941ರಲ್ಲಿ ಇದಕ್ಕೊಂದು ಲೆಕ್ಕ ಕೊಟ್ಟರು. ಕಡಲಿನಲ್ಲಿ ಈ ಒಡೆಯುವಿಕೆ ಸುಮಾರು ಒಂದು ಮಿಲಿಮೀಟರಿನಿಂದ ಒಂದು ಸೆಂಟಿಮೀಟರಿನ ಅಳತೆಗೆ ಬಂದು ನಿಲ್ಲುತ್ತದೆ. ಅದಕ್ಕಿಂತ ಕೆಳಗೆ ನೀರಿನ ಸ್ನಿಗ್ಧತೆಯೇ, ಅಂದರೆ ಅದರ ಅಂಟುತನವೇ, ಸುಳಿಯನ್ನು ನುಂಗಿಬಿಡುತ್ತದೆ. ಸಸ್ಯಪ್ಲವಕದ ಹೆಚ್ಚಿನ ಕೋಶಗಳು ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗವೂ ಇರುವುದಿಲ್ಲ. ಬಿರುಗಾಳಿ ಬೀಸಿದರೂ ಅವುಗಳ ಸುತ್ತ ಸುಳಿ ಇರುವುದಿಲ್ಲ, ನೀರಿನ ಪದರಗಳು ಒಂದರ ಮೇಲೊಂದು ಜಾರುವ ಎಳೆತ ಮಾತ್ರ ಅವುಗಳ ಅನುಭವಕ್ಕೆ ಬರುತ್ತದೆ. ಆ ಅಳತೆಯಲ್ಲಿ ನೀರು ಮಂದವಾದ ಅಂಟಿನಂಥದ್ದು. ಈಜುತ್ತಿರುವ ಬ್ಯಾಕ್ಟೀರಿಯಾ ಬಾಲ ಆಡಿಸುವುದನ್ನು ನಿಲ್ಲಿಸಿದರೆ ಒಂದು ಪರಮಾಣುವಿನ ಅಗಲದಷ್ಟೂ ಮುಂದೆ ಹೋಗದೆ ಅಲ್ಲೇ ನಿಲ್ಲುತ್ತದೆ.

ಇಲ್ಲಿ ಆಹಾರ ಕೋಶದ ಬಳಿಗೆ ಬರುವುದು ಮುಖ್ಯವಾಗಿ ವಿಸರಣೆಯಿಂದ, ಅಣುಗಳು ಗೊತ್ತುಗುರಿಯಿಲ್ಲದೆ ಅಲೆದಾಡುವುದರಿಂದ. ನೈಟ್ರೇಟ್‌ನಂಥ ಅಣು ಒಂದು ಮಿಲಿಮೀಟರ್ ಸಾಗಲು ಸುಮಾರು ಎಂಟು ನಿಮಿಷ ಸಾಕು, ಒಂದು ಸೆಂಟಿಮೀಟರ್‌ಗೆ ಹದಿನಾಲ್ಕು ಗಂಟೆಯಷ್ಟು ಬೇಕು. ಆದ್ದರಿಂದ ಪ್ರತಿ ಕೋಶದ ಸುತ್ತ ಅದೇ ಬರಿದು ಮಾಡಿದ ನೀರಿನ ಒಂದು ಕವಚ ಇರುತ್ತದೆ. ಅರ್ಧ ಮೈಕ್ರಾನ್‌ಗಿಂತ ಸ್ವಲ್ಪ ದೊಡ್ಡದಾದ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ಪ್ರೊಕ್ಲೊರೊಕಾಕಸ್‌ನಂಥ ಜೀವಿಗೆ ಇದು ತೊಂದರೆಯಲ್ಲ, ಅದರ ಮೈ ಚಿಕ್ಕದು, ಬೇಕಾದಷ್ಟು ವಿಸರಣೆಯಿಂದಲೇ ಸಿಗುತ್ತದೆ. ಕಲಕಾಟ ಅದಕ್ಕೆ ಏನನ್ನೂ ಹೆಚ್ಚಿಗೆ ಕೊಡುವುದಿಲ್ಲ. ಸುಮಾರು 60ರಿಂದ 100 ಮೈಕ್ರಾನ್ ದಾಟಿದ ಕೋಶಗಳಿಗೆ ಮಾತ್ರ ನೀರಿನ ಎಳೆತ ಆ ಕವಚವನ್ನು ತೆಳ್ಳಗೆ ಮಾಡಿ ತಾಜಾ ಗೊಬ್ಬರ ತಲುಪಿಸುತ್ತದೆ. ದೊಡ್ಡ ಡಯಾಟಮ್‌ಗಳು ಕಲಕಿದ, ಫಲವತ್ತಾದ ನೀರನ್ನು ಮೆಚ್ಚುವುದಕ್ಕೆ ಇನ್ನೊಂದು ಕಾರಣವೂ ಇದೆ: ಸಿಲಿಕಾದ ಚಿಪ್ಪು ಹೊತ್ತ ಅವು ಮುಳುಗುತ್ತವೆ, ಕಲಕಾಟ ಅವನ್ನು ಎತ್ತಿ ಹಿಡಿಯುತ್ತದೆ. ನೀರು ಶಾಂತವಾಗಿ ಗೊಬ್ಬರ ತೀರಿದಾಗ ಬಾಲವಿರುವ ಡೈನೊಫ್ಲಾಜೆಲೇಟ್‌ಗಳ ಸರದಿ ಬರುತ್ತದೆ. ಅವು ರಾತ್ರಿ ಆಳಕ್ಕೆ ಈಜಿ ಉಂಡು ಹಗಲು ಬೆಳಕಿಗೆ ಬರಬಲ್ಲವು. ಯಾವ ನೀರಿಗೆ ಯಾವ ಪ್ಲವಕ ಎಂಬ ಈ ನಕ್ಷೆಯನ್ನು ಕತಲಾನ್ ಪರಿಸರವಿಜ್ಞಾನಿ ರಮೋನ್ ಮರ್ಗಲೆಫ್ 1978ರಲ್ಲಿ ಬರೆದುಕೊಟ್ಟರು.

ಈಜುವ ಕೋಶಗಳು ನೀರಿನ ಕೈಗೊಂಬೆಗಳೂ ಅಲ್ಲ. ಹೆಟೆರೊಸಿಗ್ಮಾ ಅಕಾಶಿವೊ ಎಂಬುದು ಕಡಲನ್ನು ಕೆಂಪಗೆ ಮಾಡಿ ಮೀನುಗಳನ್ನು ಕೊಲ್ಲಬಲ್ಲ ಒಂದು ಜಾತಿ. ಅನುಪಮ್ ಸೇನ್‌ಗುಪ್ತ, ಫ್ರಾನ್ಸೆಸ್ಕೊ ಕರ್ರಾರ ಮತ್ತು ರೋಮನ್ ಸ್ಟಾಕರ್ ಅದನ್ನು ಒಂದು ಪುಟ್ಟ ಕೋಣೆಯಲ್ಲಿಟ್ಟು ಸುಳಿಗೆ ಸಿಕ್ಕಿದಂತೆ ಮತ್ತೆ ಮತ್ತೆ ತಲೆಕೆಳಗು ಮಾಡಿದರು. ಕೆಲವೇ ನಿಮಿಷಗಳಲ್ಲಿ, ಮೊದಲು ಮೇಲ್ಮುಖವಾಗಿ ಈಜುತ್ತಿದ್ದ ಗುಂಪು ಎರಡಾಯಿತು. ಅರ್ಧ ಮೇಲಕ್ಕೇ ಹೋಗುತ್ತಿತ್ತು, ಉಳಿದರ್ಧ ದಿಕ್ಕು ಬದಲಿಸಿ ಕೆಳಕ್ಕೆ ಹೊರಟಿತು. ಕೋಶಗಳು ತಮ್ಮ ಮೈಯಾಕಾರವನ್ನೇ ತುಸು ಬದಲಿಸಿ ಇದನ್ನು ಸಾಧಿಸಿದ್ದವು. ಮುಂದೆ ದೊಡ್ಡ ಕಲಕಾಟ ಕಾದಿದ್ದರೆ ಎಲ್ಲರೂ ಒಟ್ಟಿಗೆ ಸಿಕ್ಕಿಬೀಳದಂತೆ ಇದೊಂದು ಏರ್ಪಾಡು ಇರಬೇಕು ಎಂಬುದು 2017ರಲ್ಲಿ ಪ್ರಕಟವಾದ ಆ ಅಧ್ಯಯನದ ಊಹೆ. ಮಿದುಳು, ನರ ಯಾವುದೂ ಇಲ್ಲದ ಒಂದೇ ಕೋಶ ನೀರಿನ ಚಲನೆಯನ್ನು ಗುರುತಿಸಿ ಹೀಗೆ ನಡೆದುಕೊಳ್ಳುತ್ತದೆ ಎಂಬುದು ನನಗೆ ಈ ಇಡೀ ಕ್ಷೇತ್ರದಲ್ಲೇ ಅತ್ಯಂತ ಬೆರಗಿನ ಸಂಗತಿ.

ನೀರಿನಲ್ಲಿ ತೇಲುವ ಪುಟ್ಟ ಪ್ರಾಣಿಗಳಾದ ಪ್ರಾಣಿಪ್ಲವಕಗಳಿಗೆ ಕಲಕಾಟ ಎರಡು ಅಲಗಿನ ಕತ್ತಿ. ಟೆಮೊರಾ ಲಾಂಜಿಕಾರ್ನಿಸ್ ಎಂಬ ಕೋಪೆಪಾಡ್ (ಸಿಗಡಿಯ ಬಳಗದ ಕಿರುಜೀವಿ) ಜಾತಿಯಲ್ಲಿ ಹೆಣ್ಣು ಈಜಿ ಹೋದ ದಾರಿಯಲ್ಲಿ ವಾಸನೆಯ ಒಂದು ಎಳೆ ಉಳಿಯುತ್ತದೆ. ಮಿಲಿಮೀಟರ್ ಗಾತ್ರದ ಗಂಡು ಹತ್ತು ಸೆಕೆಂಡಿನಷ್ಟು ಹಳೆಯದಾದ ಎಳೆಯನ್ನೂ ಹಿಡಿದು, ಅದರ ಪ್ರತಿ ತಿರುವನ್ನೂ ಅನುಸರಿಸಿ ಹೆಣ್ಣನ್ನು ಮುಟ್ಟುತ್ತದೆ. ನೀರು ಜೋರಾಗಿ ಕಲಕಿದರೆ ಆ ಎಳೆ ಹರಿದುಹೋಗುತ್ತದೆ. ಅದೇ ಕಲಕಾಟ ಬೇಟೆ ಮತ್ತು ಬೇಟೆಗಾರನನ್ನು ಹೆಚ್ಚು ಸಲ ಎದುರುಬದುರು ತರುತ್ತದೆ ಎಂದು ಬ್ರಯಾನ್ ರಾತ್‌ಸ್ಚೈಲ್ಡ್ ಮತ್ತು ಥಾಮಸ್ ಆಸ್ಬರ್ನ್ 1988ರಲ್ಲಿ ಲೆಕ್ಕ ಹಾಕಿ ತೋರಿಸಿದರು. ಹಾಗಾದರೆ ಎಷ್ಟು ಕಲಕಿದರೆ ಒಳ್ಳೆಯದು? ಕ್ಯಾಲಿಫೋರ್ನಿಯಾದ ಕರಾವಳಿಯಲ್ಲಿ ರೂಬೆನ್ ಲಾಸ್ಕರ್ 1970ರ ದಶಕದಲ್ಲಿ ಆಂಚೊವಿ ಮೀನಿನ ಮರಿಗಳನ್ನು ಅಭ್ಯಾಸ ಮಾಡಿದಾಗ, ಪ್ಲವಕ ದಟ್ಟವಾಗಿದ್ದ ಪದರವನ್ನು ಒಂದು ಬಿರುಗಾಳಿ ಚದುರಿಸಿಬಿಟ್ಟದ್ದನ್ನು ಕಂಡರು. ಕಡಲಿನಲ್ಲಿದ್ದ ಒಟ್ಟು ಆಹಾರ ಮೊದಲಿನಷ್ಟೇ ಇದ್ದಿರಬಹುದು, ಆದರೆ ಮೊದಲ ತುತ್ತಿಗಾಗಿ ಕಾಯುವ ಮರಿಗೆ ಅದು ಬಾಯಿಗೆಟುಕದಷ್ಟು ತೆಳುವಾಗಿ ಹರಡಿಹೋಯಿತು. ಫಿಲಿಪ್ ಕ್ಯೂರಿ ಮತ್ತು ಕ್ಲಾಡ್ ರಾಯ್ 1989ರಲ್ಲಿ ಪೆರು, ಕ್ಯಾಲಿಫೋರ್ನಿಯಾ, ಪಶ್ಚಿಮ ಆಫ್ರಿಕಾಗಳ ಮೀನುಗಾರಿಕೆಯ ಅಂಕಿಅಂಶ ಹೋಲಿಸಿದಾಗ ಸೆಕೆಂಡಿಗೆ ಐದಾರು ಮೀಟರ್ ವೇಗದ ಗಾಳಿ ಬೀಸಿದ ವರ್ಷಗಳಲ್ಲೇ ಮರಿಗಳು ಚೆನ್ನಾಗಿ ಉಳಿದಿದ್ದವು. ಅದಕ್ಕಿಂತ ಕಡಿಮೆಯಾದರೆ ಗೊಬ್ಬರ ಮೇಲೆ ಬರುವುದಿಲ್ಲ, ಹೆಚ್ಚಾದರೆ ಆಹಾರ ಚದುರುತ್ತದೆ.

ಇನ್ನು ಇಂಗಾಲದ ಲೆಕ್ಕ. ಪ್ಲವಕ ಹೀರಿದ ಇಂಗಾಲ ಆಳಕ್ಕೆ ಹೋದರೆ ಮಾತ್ರ ವಾತಾವರಣದಿಂದ ದೀರ್ಘಕಾಲ ದೂರ ಉಳಿಯುತ್ತದೆ. ಸತ್ತ ಕೋಶಗಳು ತಾವಾಗಿ ಮುಳುಗುವುದನ್ನಷ್ಟೇ ಬಹುಕಾಲ ಎಣಿಸಲಾಗುತ್ತಿತ್ತು. ಮುಳುಗದಷ್ಟು ಹಗುರವಾದ ಜೀವಂತ ಕೋಶಗಳನ್ನೂ ಒಂದರಿಂದ ಹತ್ತು ಕಿಲೋಮೀಟರ್ ಅಗಲದ ಎಳೆಗಳು ನೂರು ಮೀಟರಿಗಿಂತ ಆಳಕ್ಕೆ ಎಳೆದೊಯ್ಯುತ್ತವೆ, ಉತ್ತರ ಅಟ್ಲಾಂಟಿಕ್‌ನ ವಸಂತದಲ್ಲಿ ಆಳಕ್ಕಿಳಿಯುವ ಇಂಥ ಇಂಗಾಲದಲ್ಲಿ ಅರ್ಧದವರೆಗೂ ಇವುಗಳ ಪಾಲಿರಬಹುದು ಎಂದು ಮೆಲಿಸಾ ಓಮಾಂಡ್ ಮತ್ತು ಸಂಗಡಿಗರು 2015ರಲ್ಲಿ ತೋರಿಸಿದರು. ಹವಾಮಾನದ ಗಣಕ ಮಾದರಿಗಳು ಕಡಲನ್ನು ಸಾಮಾನ್ಯವಾಗಿ ಹತ್ತಾರು ಕಿಲೋಮೀಟರ್ ಅಗಲದ ಚೌಕಗಳಾಗಿ ಕತ್ತರಿಸಿ ಲೆಕ್ಕ ಹಾಕುತ್ತವೆ. ಕಿರುಸುಳಿ ಆ ಚೌಕದೊಳಗೆ ಕಾಣೆಯಾಗುತ್ತದೆ. ಅದರ ಒಟ್ಟು ಪರಿಣಾಮವನ್ನು ಸೂತ್ರವೊಂದರ ಮೂಲಕ ಸೇರಿಸುವ ದಾರಿಯನ್ನು ಬೇಯ್ಲರ್ ಫಾಕ್ಸ್-ಕೆಂಪರ್ ಮತ್ತು ಸಂಗಡಿಗರು 2008ರಲ್ಲಿ ಕೊಟ್ಟರು, ಹಲವು ಮಾದರಿಗಳು ಈಗ ಅದನ್ನು ಬಳಸುತ್ತವೆ. ಆದರೆ ಆ ಸೂತ್ರ ಹೇಳುವುದು ನೀರಿನ ಪದರಗಳ ಕತೆಯನ್ನು, ಅದರೊಳಗಿನ ಜೀವಿಗಳ ಕತೆಯನ್ನಲ್ಲ.

ಅಳೆಯುವ ಕಣ್ಣುಗಳು ಮಾತ್ರ ಚುರುಕಾಗುತ್ತಿವೆ. ನಾಸಾ ಮತ್ತು ಫ್ರಾನ್ಸಿನ ಬಾಹ್ಯಾಕಾಶ ಸಂಸ್ಥೆ ಸೇರಿ 2022ರ ಡಿಸೆಂಬರ್‌ನಲ್ಲಿ ಹಾರಿಸಿದ ಸ್ವಾಟ್ ಉಪಗ್ರಹ ಕಡಲಿನ ಮಟ್ಟವನ್ನು ಒಂದು ಗೆರೆಯ ಬದಲು ಅಗಲವಾದ ಪಟ್ಟಿಯಾಗಿ ಅಳೆಯುತ್ತದೆ, ಮೊದಲಿನ ಉಪಗ್ರಹಗಳಿಗೆ ಮಸುಕಾಗಿದ್ದ ಚಿಕ್ಕ ಸುಳಿಗಳು ಅದಕ್ಕೆ ಕಾಣುತ್ತವೆ. 2024ರ ಫೆಬ್ರವರಿಯಲ್ಲಿ ಹೋದ ಪೇಸ್ ಉಪಗ್ರಹ ನೀರಿನ ಬಣ್ಣವನ್ನು ನೂರಾರು ಛಾಯೆಗಳಲ್ಲಿ ಬಿಡಿಸಿ ಅಲ್ಲಿರುವುದು ಯಾವ ಗುಂಪಿನ ಪ್ಲವಕ ಎಂದು ಹೇಳಲು ನೆರವಾಗುತ್ತದೆ. ಎರಡಕ್ಕೂ ಕಾಣುವುದು ಕಡಲಿನ ಮೇಲ್ಭಾಗ ಮಾತ್ರ. ಕೆಳಗೆ ಇಳಿದು ಹೋದದ್ದನ್ನು ಹಿಂಬಾಲಿಸಲು ಗ್ಲೈಡರ್‌ಗಳು, ತೇಲುಯಂತ್ರಗಳು ಈಗಲೂ ಬೇಕು. ಸುಳಿ ಕರಗುವ ಮುಂಚೆ, ಅಂದರೆ ಒಂದೆರಡು ದಿನದೊಳಗೆ, ಅವನ್ನು ಸರಿಯಾದ ಗೆರೆಯ ಮೇಲೆ ತಂದು ನಿಲ್ಲಿಸುವುದೇ ಇಂದಿನ ಕಡಲ ಸಂಶೋಧನೆಯ ಕಷ್ಟದ ಕೆಲಸಗಳಲ್ಲಿ ಒಂದು.